ಕೊಟ್ಟಿಗೆಯಲ್ಲೊಂದು ಕುಲುಮೆ

'ಕೈಗಾರಿಕೆ' ಎಂಬ ನಮ್ಮ ಮಾತು ಕೈಯಿಂದ ಆರಂಭವಾಗುತ್ತದೆ. ಆದರೆ ಆ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೈಯಲ್ಲ. ಎತ್ತರದ ಹೊಗೆಕೊಳವೆ, ಪಾಳಿ ಬದಲಾಗುವಾಗಿನ ಸೈರನ್ನು, ಸಾಲುಸಾಲಾದ ಯಂತ್ರಗಳು. ವಸ್ತುಗಳು ಎಲ್ಲಿಯೋ ತಯಾರಾಗುತ್ತವೆ. ನಾವು ಕೊಳ್ಳುತ್ತೇವೆ, ಬಳಸುತ್ತೇವೆ, ಕೆಟ್ಟರೆ ಗುಜರಿಗೆ ಹಾಕುತ್ತೇವೆ. ಇಷ್ಟರ ನಡುವೆ ನಮ್ಮ ಕೈಗೆ ಕೆಲಸವೇ ಇಲ್ಲ. ಇಂಥ ಕಾಲದಲ್ಲಿ ಒಬ್ಬ ಗೃಹಸ್ಥ ಮನೆಯ ಹಿತ್ತಿಲಲ್ಲಿ ಕುಳಿತು, ಬಿಡುವಿನ ವೇಳೆಯಲ್ಲಿ, ತನ್ನದೇ ಒಂದು ಮೋಟಾರ್ ಸೈಕಲನ್ನು ಕಟ್ಟಿಕೊಳ್ಳುತ್ತೇನೆಂದು ಹೊರಟರೆ ನೆರೆಹೊರೆಯವರು ನಗುವುದು ಸಹಜ. ಅಂಗಡಿಗೆ ಹೋದರೆ ಇದಕ್ಕಿಂತ ಚೆನ್ನಾದ ವಾಹನ ಸಿಗುವಾಗ ಈ ಒದ್ದಾಟವೇಕೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರವನ್ನು ಈ ಮಾತುಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಈ ಹಾದಿಯಲ್ಲಿ ನಡೆದವರಲ್ಲಿ ಜಗತ್ತಿಗೆ ಹೆಚ್ಚು ಪರಿಚಿತನಾದವನು ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಎಂಬ ಊರಿನ ಬರ್ಟ್ ಮನ್ರೋ. ಹುಟ್ಟಿದ್ದು 1899ರಲ್ಲಿ. 1920ರಲ್ಲಿ ಆತ ಅಮೆರಿಕದಲ್ಲಿ ತಯಾರಾದ 'ಇಂಡಿಯನ್ ಸ್ಕೌಟ್' ಎಂಬ 600 ಸಿ.ಸಿ.ಯ ಮೋಟಾರ್ ಸೈಕಲನ್ನು ಕೊಂಡ. ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಎಂದರೆ ಸುಮಾರು 89 ಕಿಲೋಮೀಟರು. 1926ರಿಂದ ಅದನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸುವ ಕೆಲಸಕ್ಕೆ ಆತ ಕೈ ಹಾಕಿದ. ಆ ಕೆಲಸ ಮುಂದಿನ ನಾಲ್ಕು ದಶಕಗಳ ಕಾಲ ನಿಲ್ಲಲಿಲ್ಲ. 1940ರ ದಶಕದ ಕೊನೆಯಲ್ಲಿ ಉದ್ಯೋಗವನ್ನೂ ಬಿಟ್ಟು, ಒಂದು ಗ್ಯಾರೇಜಿನಲ್ಲೇ ವಾಸ ಹೂಡಿದ. ಅವನ ಬಳಿ ದೊಡ್ಡ ಯಂತ್ರಶಾಲೆ ಇರಲಿಲ್ಲ. ಹಳೆಯ ತಗಡಿನ ಡಬ್ಬಗಳನ್ನೇ ಅಚ್ಚಾಗಿಸಿಕೊಂಡು ಲೋಹವನ್ನು ಎರಕ ಹೊಯ್ಯುತ್ತಿದ್ದ. ಪಿಸ್ಟನ್ನು, ಸಿಲಿಂಡರುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಚಕ್ರದ ಹಳೆಯ ಕಡ್ಡಿಯೊಂದು ಅವನಿಗೆ ಸೂಕ್ಷ್ಮ ಅಳತೆಯ ಸಾಧನವಾಗಿತ್ತು. ಆ ಯಂತ್ರದ ಮುಂದಿನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಇಂಥ ಕೆಲಸದಲ್ಲಿ ಮನುಷ್ಯ ನಿಜವಾಗಿ ಕಲಿಯುವುದೇನು ಎಂಬುದನ್ನು ನೋಡೋಣ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು. ನಿವೃತ್ತನಾದ ಮೇಲೆ ದನಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಯನ್ನು ಗುಡಿಸಿ, ಒಂದು ಮೇಜು ಹಾಕಿ, ವೈಸನ್ನು ಬಿಗಿದು, ಅಲ್ಲಿ ಒಂದು ಹಳೆಯ ಜಾವಾ ವಾಹನವನ್ನು ತಂದಿಟ್ಟೆ. ಜಾವಾ ಮೂಲತಃ ಚೆಕೊಸ್ಲೊವಾಕಿಯದ್ದಾದರೂ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರನ್ನೂ ಪಡೆಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಕಿಕ್ಕರನ್ನೇ ಮುಂದಕ್ಕೆ ಬಗ್ಗಿಸಿದರೆ ಗೇರಿನ ಸನ್ನೆ, ದೂರದಿಂದಲೇ ಗುರುತು ಹಿಡಿಯಬಹುದಾದ ಆ ಸದ್ದು—ಹಳೆಯ ಮೈಸೂರಿನವರು ಇದನ್ನೆಲ್ಲ ಮರೆತಿರಲಾರರು. ನಾನು ತಂದ ವಾಹನದ ಎಂಜಿನ್ನು ಗಟ್ಟಿಯಾಗಿತ್ತು. ಚೌಕಟ್ಟಿನ ಹಿಂಭಾಗವನ್ನು, ಚಕ್ರದ ಮೇಲಿನ ಮಡ್‌ಗಾರ್ಡನ್ನು ತುಕ್ಕು ತಿಂದುಹಾಕಿತ್ತು. ಹಳೆಯದನ್ನು ಹಾಗೆಯೇ ನಕಲು ಮಾಡುವ ಬದಲು, ಹಿಂಭಾಗವನ್ನು ನನ್ನದೇ ರೀತಿಯಲ್ಲಿ, ತಗ್ಗಾಗಿ, ಒಬ್ಬನೇ ಕೂರುವಂತೆ ಹೊಸದಾಗಿ ಕಟ್ಟಬೇಕೆಂದು ಯೋಚಿಸಿದೆ. ಪುಸ್ತಕ ಓದಿದ್ದೇನೆ, ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಇದೇನು ಮಹಾ ಎಂಬ ಧೈರ್ಯ ನನ್ನದು.

ನಮ್ಮೂರಿನ ಕುಲುಮೆಯ ಆಚಾರ್ರು ಒಂದು ಸಂಜೆ ಬಂದು ಎಲ್ಲವನ್ನೂ ನೋಡಿದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ನೇಗಿಲ ಕುಳದಿಂದ ಹಿಡಿದು ಟ್ರ್ಯಾಕ್ಟರಿನ ಟ್ರೇಲರಿನವರೆಗೆ ಎಲ್ಲವನ್ನೂ ದುರಸ್ತಿ ಮಾಡಿದ ಕೈ. ನನ್ನ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಟ್ಟು, ಹೆಬ್ಬೆರಳಿನಷ್ಟು ದಪ್ಪದ ಒಂದು ಕಬ್ಬಿಣದ ತುಂಡನ್ನೂ ಒಂದು ಅರವನ್ನೂ ನನ್ನ ಮುಂದಿಟ್ಟರು. "ಮೇಷ್ಟ್ರೇ, ಇದನ್ನ ಆರೂ ಕಡೆ ಚಪ್ಪಟೆ ಮಾಡಿ ಕೊಡಿ. ಗಾಡಿ ಆಮೇಲೆ ನೋಡೋಣ" ಎಂದರು.

ಕೇಳುವವರಿಗೆ ಇದು ಸುಲಭವೆನಿಸಬಹುದು. ಅರವನ್ನು ಹಿಡಿದು ಉಜ್ಜತೊಡಗಿದಾಗ ತಿಳಿಯುತ್ತದೆ. ಕೈ ಮುಂದಕ್ಕೆ ಹೋದಂತೆ ಭಾರ ಒಂದು ತೋಳಿನಿಂದ ಇನ್ನೊಂದಕ್ಕೆ ಜಾರುತ್ತದೆ; ಅರ ತಕ್ಕಡಿಯಂತೆ ತೂಗುತ್ತದೆ; ಲೋಹದ ಎರಡು ಅಂಚುಗಳು ಹೆಚ್ಚು ಸವೆದು ನಡುವೆ ದಿಬ್ಬ ಉಳಿಯುತ್ತದೆ. ಕಣ್ಣಿಗೆ ಚಪ್ಪಟೆಯಾಗಿಯೇ ಕಾಣುವ ಆ ಮೈಯನ್ನು ಪರೀಕ್ಷಿಸುವ ಬಗೆ ಸರಳವಾದದ್ದು. ದಪ್ಪ ಗಾಜಿನ ಹಲಗೆಗೆ ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯನ್ನು ತೆಳ್ಳಗೆ ಸವರಿ, ಅದರ ಮೇಲೆ ತುಂಡನ್ನು ಮೆಲ್ಲಗೆ ಉಜ್ಜಬೇಕು. ಎತ್ತರವಿದ್ದ ಕಡೆ ಕಪ್ಪು ಹತ್ತುತ್ತದೆ, ತಗ್ಗಿದ್ದ ಕಡೆ ಹತ್ತುವುದಿಲ್ಲ. ಕಪ್ಪು ಹತ್ತಿದಲ್ಲಿ ಮಾತ್ರ ಮತ್ತೆ ಅರ ಹಾಕಬೇಕು. ಮೂಲೆಮಟ್ಟವನ್ನು ಹಿಡಿದು ಬೆಳಕಿಗೆ ಒಡ್ಡಿದರೆ ಸಂದಿನಲ್ಲಿ ನುಸುಳುವ ಬೆಳಕಿನ ಗೆರೆ ಕೋನದ ತಪ್ಪನ್ನು ತೋರಿಸಿಕೊಡುತ್ತದೆ. ಆರು ಮುಖಗಳನ್ನು ಮುಗಿಸಲು ನನಗೆ ಹನ್ನೊಂದು ದಿನ ಬೇಕಾಯಿತು. ಆ ತುಂಡಿನಿಂದ ಯಾವ ಉಪಯೋಗವೂ ಇರಲಿಲ್ಲ. ಆದರೆ ಹನ್ನೆರಡನೆಯ ದಿನ ಒಂದು ಕಬ್ಬಿಣದ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಅದರ ಡೊಂಕು ನನ್ನ ಬೆರಳಿಗೇ ತಿಳಿಯತೊಡಗಿತ್ತು.

ಎರಡನೆಯ ಪಾಠ ಬೆಂಕಿಯದು. ಕನ್ನಡದಲ್ಲಿ 'ಹದ' ಎಂಬ ಒಂದು ಮಾತಿದೆ. ಮಣ್ಣಿಗೆ ಹದವಿದೆ, ಬೆಲ್ಲದ ಪಾಕಕ್ಕೆ ಹದವಿದೆ, ಚರ್ಮಕ್ಕೆ ಹದವಿದೆ. ಹಾಗೆಯೇ ಉಕ್ಕಿಗೂ ಹದವಿದೆ. ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ಕೆಲಸಕ್ಕೆ ಸರಿಯಾಗಿ ಒದಗುವ ಸ್ಥಿತಿಗೆ ಹದವೆಂದು ಹೆಸರು. ಉಕ್ಕಿನ ಹದವನ್ನು ತಿಳಿಯಬೇಕಾದರೆ ಅದರೊಳಗಿನ ಇಂಗಾಲವನ್ನು ತಿಳಿಯಬೇಕು. ಕಿಟಕಿಯ ಸರಳು, ಗೇಟು ಮೊದಲಾದವಕ್ಕೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಹೆಚ್ಚಿರುವುದಿಲ್ಲ, ಅದನ್ನು ಕಾಯಿಸಿ ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಡುಸಾಗದು. ಅರದಂಥ ಹತಾರದ ಉಕ್ಕಿನಲ್ಲಿ ಅದು ಶೇಕಡಾ 1ರ ಆಸುಪಾಸಿನಲ್ಲಿರುತ್ತದೆ. ಇಂಥ ಉಕ್ಕನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಎಷ್ಟು ಕಾಯಿಸಬೇಕೆಂಬುದಕ್ಕೆ ಮನೆಯಲ್ಲಿಯೇ ಒಂದು ಅಳತೆಗೋಲಿದೆ: ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅದಾದ ಮೇಲೆ ಇನ್ನು ಸ್ವಲ್ಪ ಕಾಯಿಸಿದರೆ ಸಾಕು.

ಗಡುಸಾದ ಉಕ್ಕನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ ಅದರ ಸಿಡುಕನ್ನು ಇಳಿಸುವುದೇ ಹದ ಕೊಡುವ ಕೆಲಸ. ಉಜ್ಜಿ ಹೊಳಪು ಮಾಡಿದ ಮೈಯ ಮೇಲೆ ಬಿಸಿ ಏರಿದಂತೆ ಬಣ್ಣಗಳು ಓಡುತ್ತವೆ. ಸುಮಾರು 220–230 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿ ಹಳದಿ, ಆಮೇಲೆ ಕಂದು, ಅದಾದ ಮೇಲೆ ನೇರಳೆ, 300 ಡಿಗ್ರಿಯ ಹತ್ತಿರ ನೀಲಿ. ಕತ್ತರಿಸುವ ಹತಾರಕ್ಕೆ ಹಳದಿಯಲ್ಲಿ ನಿಲ್ಲಿಸಬೇಕು. ಸುತ್ತಿಗೆಯ ಪೆಟ್ಟು ತಿನ್ನುವ ಉಳಿಯಾದರೆ ನೇರಳೆಯಲ್ಲಿ. ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿ. ಲೋಹದ ಮೇಲೆ ಬೆಳೆಯುವ ತೆಳುವಾದ ಆಕ್ಸೈಡಿನ ಪೊರೆಯಲ್ಲಿ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಈ ಬಣ್ಣಗಳು ಹುಟ್ಟುತ್ತವೆ. ನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವ ಬಣ್ಣಗಳ ಕಾರಣವೂ ಇದೇ. ಈ ಪಾಠವನ್ನು ನಾನು ತರಗತಿಯಲ್ಲಿ ಪ್ರತಿವರ್ಷವೂ ಹೇಳಿದ್ದೆ. ಆದರೂ ಮೊದಲ ಮೂರು ಉಳಿಗಳನ್ನು ಕೆಡಿಸಿದೆ. ನೇರಳೆ ಬಣ್ಣ ಬಂದಿತೆಂದು ನಾನು ನಿಶ್ಚಯಿಸಿ ನೀರಿಗೆ ಅದ್ದುವಷ್ಟರಲ್ಲಿ ಅದು ನೀಲಿಯನ್ನೂ ದಾಟಿ ಹೋಗಿರುತ್ತಿತ್ತು. ಪುಸ್ತಕ ಬಣ್ಣದ ಹೆಸರನ್ನು ಹೇಳಿತ್ತು. ಅದು ಎಷ್ಟು ಬೇಗ ಓಡುತ್ತದೆಂಬುದನ್ನು ಕಣ್ಣೇ ಕಲಿಯಬೇಕಾಗಿತ್ತು.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. 1800–1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣವನ್ನು ಕರಗಿಸುವ, ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಮಾಡುವ ರೀತಿಯನ್ನು ಕಂಡು ಬರೆದಿಟ್ಟ; ಅವನ ಗ್ರಂಥ 1807ರಲ್ಲಿ ಅಚ್ಚಾಯಿತು. ದಕ್ಷಿಣ ಭಾರತದ ಈ ಉಕ್ಕು ಯೂರೋಪಿನಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಆ ಹೆಸರು ಕನ್ನಡದ 'ಉಕ್ಕು' ಎಂಬ ಪದದ ಅಪಭ್ರಂಶವೆಂದು ವಿದ್ವಾಂಸರು ಹೇಳುತ್ತಾರೆ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ 1819ರಲ್ಲಿ ಈ ವೂಟ್ಸಿನ ರಾಸಾಯನಿಕ ವಿಶ್ಲೇಷಣೆಯನ್ನು ಪ್ರಕಟಿಸಿದ. ಮೂಸೆಯ ಮುಂದೆ ಕುಳಿತು ತಿದಿ ಒತ್ತಿದವರ ಹೆಸರು ಯಾವ ಗ್ರಂಥದಲ್ಲಿಯೂ ಉಳಿದಿಲ್ಲ. ಅವರ ವಿದ್ಯೆ ಅವರ ಕೈಯಲ್ಲಿತ್ತು.

ಕುಲುಮೆಯಿಂದ ಇನ್ನು ತಗಡಿನ ಕೆಲಸಕ್ಕೆ ಬರೋಣ. ಮಡ್‌ಗಾರ್ಡು, ಪೆಟ್ರೋಲ್ ಟ್ಯಾಂಕು ಮೊದಲಾದ ಉಬ್ಬಿದ ಆಕಾರಗಳನ್ನು ಚಪ್ಪಟೆ ತಗಡಿನಿಂದ ತರಬೇಕು. ಕಾಗದವನ್ನು ಮಡಿಸಿ ಕೊಳವೆ ಮಾಡಬಹುದು, ಬಟ್ಟಲನ್ನು ಮಾಡಲಾಗದು. ಬಟ್ಟಲಾಗಬೇಕಾದರೆ ತಗಡಿನ ನಡುಭಾಗ ಹಿಗ್ಗಬೇಕು ಅಥವಾ ಅಂಚು ಕುಗ್ಗಬೇಕು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು ಮರದ ಕೊಡತಿಯಿಂದ ಬಡಿದರೆ ನಡುಭಾಗ ಹಿಗ್ಗಿ ತಗ್ಗಾಗುತ್ತದೆ. ನಮ್ಮ ಕಂಚುಗಾರರು ಬಿಂದಿಗೆ ಬಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಬಡಿದಷ್ಟೂ ಲೋಹ ಬಿಗಿಯುತ್ತ ಹೋಗುತ್ತದೆ, ಕೊನೆಗೆ ಸೀಳುತ್ತದೆ. ಆದ್ದರಿಂದ ನಡುನಡುವೆ ಅದನ್ನು ಕಾಯಿಸಿ ಮೆದುಗೊಳಿಸಬೇಕು. ಅಲ್ಯೂಮಿನಿಯಮ್ಮಿನಲ್ಲಿ ಇದು ಕಷ್ಟದ ಕೆಲಸ. ಕಬ್ಬಿಣದಂತೆ ಅದು ಕೆಂಪಾಗಿ ಎಚ್ಚರಿಸುವುದಿಲ್ಲ. 660 ಡಿಗ್ರಿಯಲ್ಲಿ, ಬಣ್ಣವೇ ಬದಲಾಗದೆ, ಇದ್ದಕ್ಕಿದ್ದಂತೆ ಕರಗಿ ಕುಸಿಯುತ್ತದೆ. ಇದಕ್ಕೆ ತಗಡು ಬಡಿಯುವವರು ಕಂಡುಕೊಂಡ ಉಪಾಯ ಬಟ್ಟೆ ಒಗೆಯುವ ಸಾಬೂನು. ತಗಡಿನ ಮೇಲೆ ಸಾಬೂನನ್ನು ಗೀಚಿ ಹಿಂದಿನಿಂದ ಬೆಂಕಿ ಹಿಡಿದರೆ, ಲೋಹ ಮೆದುವಾಗುವಷ್ಟು ಬಿಸಿಯಾದಾಗ ಆ ಗೀಟು ಕಪ್ಪಗಾಗುತ್ತದೆ. ಆಗ ಬೆಂಕಿಯನ್ನು ಹಿಂದೆಗೆಯಬೇಕು.

ಇನ್ನು ಬೆಸುಗೆ. ಮನೆಯಲ್ಲಿ ವಾಹನ ಕಟ್ಟುವವನ ಪ್ರಾಣ ನಿಂತಿರುವುದು ಇದರ ಮೇಲೆ. ಹಿತ್ತಾಳೆಯ ಬೆಸುಗೆಯಲ್ಲಿ ಉಕ್ಕು ಕರಗುವುದಿಲ್ಲ. ಸುಮಾರು 900 ಡಿಗ್ರಿಯಲ್ಲಿ ಕರಗಿದ ಹಿತ್ತಾಳೆ ಎರಡು ತುಂಡುಗಳ ನಡುವಣ ಸಂದಿನೊಳಕ್ಕೆ ಹರಿದು ಹಿಡಿದುಕೊಳ್ಳುತ್ತದೆ. ಹಳೆಯ ಬೈಸಿಕಲ್ಲುಗಳ ಚೌಕಟ್ಟುಗಳು ಬಹುಮಟ್ಟಿಗೆ ಹೀಗೆ ಕೂಡಿಸಿದವು. ವಿದ್ಯುತ್ ಬೆಸುಗೆಯಲ್ಲಾದರೋ ಎರಡು ತುಂಡುಗಳ ಅಂಚುಗಳೂ ಸರಳಿನ ಲೋಹವೂ ಕರಗಿ ಒಂದೇ ಆಗಬೇಕು. ವಿದ್ಯುತ್ ಪ್ರವಾಹ ಕಡಿಮೆಯಾದರೆ, ಕೈ ಅವಸರಪಟ್ಟರೆ, ಕರಗಿದ ಲೋಹ ಮೇಲೆ ಮಾತ್ರ ಕೂರುತ್ತದೆ. ಒಣಗೋಡೆಗೆ ನೀರು ಚಿಮುಕಿಸದೆ ಮೆತ್ತಿದ ಗಾರೆಯಂತೆ ಅದು. ನೋಡಲು ನಯವಾಗಿರುತ್ತದೆ, ಹಿಡಿತ ಇರುವುದಿಲ್ಲ.

ಚೌಕಟ್ಟಿನ ಹಿಂಭಾಗದಲ್ಲಿ, ಹಿಂಚಕ್ರವನ್ನು ಹಿಡಿಯುವ ಕವಲಿನ ಬುಡವನ್ನು ನಾನು ಬೆಸೆದದ್ದು ಒಂದು ಶುಕ್ರವಾರ. ಭಾನುವಾರ ನನ್ನ ತಂಗಿಯ ಮಗ ಬಂದು ಮೊದಲ ಸವಾರಿ ಮಾಡುವುದೆಂದು ಗೊತ್ತಾಗಿತ್ತು. ಬೆಸುಗೆಯ ಗೆರೆ ಮೀನಿನ ಪೊರೆಯಂತೆ ಸಮವಾಗಿ ಬಂದಿತ್ತು. ನನಗೆ ಹೆಮ್ಮೆಯೆನಿಸಿ ಆಚಾರ್ರನ್ನು ಕರೆತಂದು ತೋರಿಸಿದೆ. ಅವರು ಬಗ್ಗಿ ನೋಡಿ, "ಚೆಂದಾಗೈತೆ ಮೇಷ್ಟ್ರೇ. ಹಿಡ್ಕಂಡೈತಾ ನೋಡೋಣ, ಕುಯ್ಯಿರಿ" ಎಂದರು. ಒಂದು ವಾರ ದುಡಿದ ಕೆಲಸವನ್ನು ಕತ್ತರಿಸುವುದೇ? ನಾನು ಸುಮ್ಮನೆ ನಿಂತೆ. ಅವರು ಒತ್ತಾಯಿಸಲಿಲ್ಲ. "ಕೂರೋ ಹುಡುಗ ನಿಮ್ಮೋನೇ ತಾನೇ" ಎಂದು ಹೇಳಿ ಬೀಡಿ ಹಚ್ಚಿದರು.

ಹ್ಯಾಕ್ಸಾ ಹಿಡಿದು ಬೆಸುಗೆಗೆ ಅಡ್ಡಲಾಗಿ ಕುಯ್ದೆ. ಕುಯ್ದ ಮೈಯನ್ನು ಅರದಿಂದ ನಯ ಮಾಡಿ ಬೆಳಕಿಗೆ ಹಿಡಿದಾಗ ಒಳಗೆ ಕೂದಲಿನಷ್ಟು ಸಣ್ಣ ಒಂದು ಕಪ್ಪು ಗೆರೆ ಕಂಡಿತು. ಎರಡು ತುಂಡುಗಳೂ ಒಳಗೆ ಬೇರೆಬೇರೆಯಾಗಿಯೇ ಇದ್ದವು. ಮೇಲಿನ ತೆಳು ಪದರವೊಂದೇ ಅವನ್ನು ಹಿಡಿದಿತ್ತು. ಆಚಾರ್ರು ಅದನ್ನು ವೈಸಿಗೆ ಸಿಕ್ಕಿಸಿ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರು. ಎರಡನೆಯ ಪೆಟ್ಟಿಗೆ ಅದು ಕಳಚಿ ನೆಲಕ್ಕೆ ಬಿತ್ತು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ತೋಟದ ದಾರಿಯ ಮೊದಲ ಹಳ್ಳದಲ್ಲಿ ಹಿಂಚಕ್ರ ಕಳಚಿಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ತಂಗಿಗೆ ಹೇಳಲಿಲ್ಲ. ಗಾಡಿ ಇನ್ನೂ ಸಿದ್ಧವಾಗಿಲ್ಲವೆಂದಷ್ಟೇ ತಿಳಿಸಿದೆ. ಆಮೇಲೆ ಮೂರು ತಿಂಗಳು ಗುಜರಿಯ ತುಂಡುಗಳ ಮೇಲೆ ಬೆಸುಗೆ ಹಾಕುವುದು, ಕುಯ್ಯುವುದು, ನೋಡುವುದು, ಇದೇ ನನ್ನ ಕೆಲಸವಾಯಿತು. ಕಪ್ಪು ಗೆರೆ ಕಾಣದೆ ಹತ್ತು ತುಂಡುಗಳು ಒಂದಾದ ಮೇಲೊಂದು ಬಂದಾಗ ಮಾತ್ರ ಚೌಕಟ್ಟನ್ನು ಮತ್ತೆ ಮುಟ್ಟಿದೆ.

ಬೆಸುಗೆಗೆ ಇನ್ನೊಂದು ಸ್ವಭಾವವಿದೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ತನ್ನ ಕಡೆಗೆ ಎಲ್ಲವನ್ನೂ ಎಳೆಯುತ್ತದೆ. ಆದ್ದರಿಂದ ಚೌಕಟ್ಟನ್ನು ಗಟ್ಟಿಯಾದ ಕಟ್ಟಿಗೆ ಬಿಗಿದು, ಮೊದಲು ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು, ಅಳತೆ ನೋಡಿ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎಂದು ಮುಂದುವರಿಸಬೇಕು. ಮುಗಿದ ಮೇಲೆ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಪರೀಕ್ಷಿಸಲು ಒಂದು ಉದ್ದನೆಯ ದಾರ ಸಾಕು. ಹಿಂದಿನ ಟೈರಿನ ಎರಡು ಪಕ್ಕಕ್ಕೂ ತಾಕುವಂತೆ ದಾರಗಳನ್ನು ಮುಂದಕ್ಕೆ ಎಳೆದು ಹಿಡಿದರೆ, ನೇರವಾಗಿ ನಿಲ್ಲಿಸಿದ ಮುಂಚಕ್ರ ಅವೆರಡರ ನಡುವೆ ಸರಿಸಮವಾಗಿ ನಿಲ್ಲಬೇಕು. ಮುಂಚಕ್ರದ ವಿಷಯದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಹ್ಯಾಂಡಲ್ಲು ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದುಕೊಂಡು ಹೋದರೆ ಅದು ಮುಟ್ಟುವ ಜಾಗಕ್ಕಿಂತ ಟೈರು ನೆಲವನ್ನು ಮುಟ್ಟುವ ಜಾಗ ಹಿಂದಿರುತ್ತದೆ. ಕುರ್ಚಿಯ ಉರುಳುಗಾಲಿ ಎಳೆದ ದಿಕ್ಕಿಗೆ ತಾನಾಗಿ ತಿರುಗಿ ಹಿಂದೆ ಬರುವಂತೆ, ಈ ಅಂತರವೇ ಓಡುವ ಚಕ್ರವನ್ನು ನೇರ ದಾರಿಗೆ ಮರಳಿಸುತ್ತದೆ. ಸಾಮಾನ್ಯ ವಾಹನಗಳಲ್ಲಿ ಇದು 100 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ನೋಟಕ್ಕಾಗಿ ಫೋರ್ಕನ್ನು ಉದ್ದ ಮಾಡುವವರು, ವಾಹನವನ್ನು ತಗ್ಗಿಸುವವರು ತಮಗೆ ಅರಿವಿಲ್ಲದೆ ಈ ಅಂತರವನ್ನು ಬದಲಿಸಿಬಿಡುತ್ತಾರೆ. ಆಗ ವಾಹನ ತಿರುವಿನಲ್ಲಿ ಹಟ ಹಿಡಿಯುತ್ತದೆ, ಇಲ್ಲವೇ ವೇಗದಲ್ಲಿ ತಲೆಯಾಡಿಸತೊಡಗುತ್ತದೆ.

ಅಪಾಯಗಳ ಮಾತನ್ನೂ ಮುಚ್ಚಿಡಬಾರದು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದಂಥ ಉರಿ. ಸತು ಲೇಪಿಸಿದ ಕೊಳವೆಯನ್ನು ಬೆಸೆದರೆ ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ. ಖಾಲಿಯಾದ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಭಯಂಕರ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಕಿಡಿಗಾಗಿ ಕಾದಿರುತ್ತದೆ. ಕರಗಿದ ಅಲ್ಯೂಮಿನಿಯಮ್ ಒದ್ದೆಯಾದ ಅಚ್ಚಿಗೆ ಅಥವಾ ಸಿಮೆಂಟಿನ ನೆಲಕ್ಕೆ ಬಿದ್ದರೆ, ತೇವ ಒಮ್ಮೆಲೇ ಉಗಿಯಾಗಿ ಲೋಹ ಸಿಡಿಯುತ್ತದೆ. ಕಾಲ ಕೆಳಗೆ ಒಣಮರಳು ಹರಡಿರಬೇಕು. ಇವನ್ನೆಲ್ಲ ಪಳಗಿದವರ ಪಕ್ಕದಲ್ಲಿ ನಿಂತು ಕಲಿಯಬೇಕು. ತಾನೇ ಮಾಡಿ ನೋಡಿ ಕಲಿಯುವ ಸಂಗತಿಗಳಲ್ಲ ಇವು.

ಈಗ ಮತ್ತೆ ಇನ್ವರ್‌ಕಾರ್ಗಿಲ್ಲಿಗೆ ಹೋಗೋಣ. ಮನ್ರೋ ಕೈ ಹಾಕಿದ ಕೆಲಸ ಎಷ್ಟು ಕಠಿಣವಾದದ್ದೆಂಬುದು ಇಷ್ಟು ಹೇಳಿದ ಮೇಲೆ ಸ್ಪಷ್ಟವಾದೀತು. ಎರಕ ಹೊಯ್ದ ಅಲ್ಯೂಮಿನಿಯಮ್ ಆರುವಾಗ ಶೇಕಡಾ ಒಂದಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಅಷ್ಟನ್ನು ಮೊದಲೇ ಲೆಕ್ಕ ಹಿಡಿದು ಅಚ್ಚನ್ನು ದೊಡ್ಡದು ಮಾಡಬೇಕು. ಬಿಸಿಯಾದಾಗ ಅದು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಬ್ಬಿಣದ ಸಿಲಿಂಡರಿನೊಳಗೆ ಅಲ್ಯೂಮಿನಿಯಮ್ ಪಿಸ್ಟನ್ನಿಗೆ ಬಿಡುವ ಸಂದು ತುಸು ಕಡಿಮೆಯಾದರೂ ಓಡುವ ಎಂಜಿನ್ನು ಕಚ್ಚಿಕೊಂಡು ನಿಲ್ಲುತ್ತದೆ. ಎಂಜಿನ್ನಿನ ಸುತ್ತುಗಳನ್ನು ಇಮ್ಮಡಿ ಮಾಡಿದರೆ ಪಿಸ್ಟನ್ನನ್ನು ಎಳೆದು ತಳ್ಳುವ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಬಲ ನಾಲ್ಮಡಿಯಾಗುತ್ತದೆ. ಈ ರಾಡುಗಳನ್ನು ಮನ್ರೋ ಟ್ರ್ಯಾಕ್ಟರಿನ ಗಾಲಿಯ ಅಚ್ಚಿನಿಂದ ಕೈಯಲ್ಲೇ ಕಡೆದು, ಗಡುಸುಗೊಳಿಸಿ, ಹದ ಕೊಟ್ಟ. ಕವಾಟಗಳ ವ್ಯವಸ್ಥೆಯನ್ನೇ ಬದಲಿಸಿ ಅವನ್ನು ಸಿಲಿಂಡರಿನ ನೆತ್ತಿಗೆ ಏರಿಸಿದ. 600 ಸಿ.ಸಿ.ಯ ಎಂಜಿನ್ನು ಕೊನೆಗೆ 950 ಸಿ.ಸಿ.ಯಾಯಿತು. ಇದರ ನಡುವೆ ಸಿಡಿದ, ಸೀಳಿದ, ಕರಗಿದ ಭಾಗಗಳನ್ನು ಅವನು ಎಸೆಯಲಿಲ್ಲ. ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಅರ್ಪಿಸಿದ ಕಾಣಿಕೆ ಎಂದು ಅಲ್ಲಿ ಬರೆದಿಟ್ಟಿದ್ದ.

1962ರಲ್ಲಿ, ಅರವತ್ಮೂರರ ವಯಸ್ಸಿನಲ್ಲಿ, ಹೃದಯದ ಬೇನೆಯಿದ್ದರೂ ಆತ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಆ ಯಂತ್ರವನ್ನೋಡಿಸಿ ದಾಖಲೆ ಮಾಡಿದ. 1967ರಲ್ಲಿ, ಅರವತ್ತೆಂಟರಲ್ಲಿ, 1000 ಸಿ.ಸಿ. ಒಳಗಿನ ವರ್ಗದಲ್ಲಿ ಗಂಟೆಗೆ 183.586 ಮೈಲಿ, ಎಂದರೆ ಸುಮಾರು 295 ಕಿಲೋಮೀಟರಿನ ದಾಖಲೆ ಬರೆದ. ಆಗ ಆ ಯಂತ್ರಕ್ಕೆ ನಲವತ್ತೇಳು ವರ್ಷ. 1978ರಲ್ಲಿ ಮನ್ರೋ ತೀರಿಕೊಂಡ. 2005ರಲ್ಲಿ ಅವನ ಕಥೆ ಚಲನಚಿತ್ರವಾಗಿ ಲೋಕವೆಲ್ಲ ನೋಡಿತು. ಇದಕ್ಕೊಂದು ಸೊಗಸಾದ ಉಪಸಂಹಾರವೂ ಇದೆ. 1967ರ ಸರಾಸರಿಯನ್ನು ಲೆಕ್ಕ ಹಾಕುವಾಗ ಅಧಿಕಾರಿಗಳಿಂದ ತಪ್ಪಾಗಿದ್ದುದನ್ನು ಮನ್ರೋನ ಮಗ ಗುರುತಿಸಿದ. 2014ರಲ್ಲಿ ಅಮೆರಿಕದ ಮೋಟಾರ್ ಸೈಕಲ್ ಸಂಘ ಆ ದಾಖಲೆಯನ್ನು 184.087 ಮೈಲಿ ಎಂದು ತಿದ್ದಿತು. ಡಬ್ಬಗಳಲ್ಲಿ ಎರಕ ಹೊಯ್ದವನ ಕೈ ತಪ್ಪಿರಲಿಲ್ಲ, ಕಾಗದದ ಮೇಲಿನ ಲೆಕ್ಕ ತಪ್ಪಿತ್ತು.

ಮನ್ರೋ ಓಡಿಸಿದ್ದು ಸ್ಪರ್ಧೆಗೆಂದು ಮೀಸಲಾದ ಬಯಲಿನಲ್ಲಿ ಎಂಬುದನ್ನು ನಮ್ಮ ಉತ್ಸಾಹಿ ತರುಣರು ಮರೆಯಬಾರದು. ನಮ್ಮಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಕಾಯಿದೆ ಹವ್ಯಾಸಿಗಳಿಗೆ ಕಹಿಯೆನಿಸಬಹುದು. ಆದರೆ ನನ್ನ ಕೈಯಲ್ಲಿ ಆ ಶುಕ್ರವಾರದ ಬೆಸುಗೆ ಕಳಚಿ ಬಿದ್ದುದನ್ನು ಕಂಡವನಾಗಿ, ನಾನು ಆ ಕಾಯಿದೆಯನ್ನು ಬೈಯಲಾರೆ. ನನ್ನ ಜಾವಾ ತೋಟದ ದಾರಿಯಲ್ಲಷ್ಟೇ ಓಡುತ್ತದೆ. ಮೊದಲ ಸವಾರಿಯನ್ನು ನಾನೇ ಮಾಡಿದೆ. ಆಮೇಲೆ ತಂಗಿಯ ಮಗ ಮಾಡಿದ.

ಅಂಗಡಿಯಲ್ಲಿ ಸಿಗುವುದಕ್ಕಿಂತ ಅದು ಚೆನ್ನಾಗಿದೆಯೇ ಎಂದು ಕೇಳಿದರೆ, ಇಲ್ಲ. ಖರ್ಚೂ ಕಡಿಮೆಯಾಗಲಿಲ್ಲ. ಆದರೆ ಲೋಹದ ಒಂದು ವಸ್ತುವನ್ನು ಈಗ ನಾನು ಮೊದಲು ನೋಡಿದಂತೆ ನೋಡಲಾರೆ. ಬಸ್ಸಿನ ಮೆಟ್ಟಿಲು, ಶಾಲೆಯ ಗೇಟು, ಸೇತುವೆಯ ಕಂಬಿ ಯಾವುದಾದರೂ ಸರಿ, ಅದರ ಬೆಸುಗೆಯ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ. ಅದನ್ನು ಯಾರೋ ಒಬ್ಬರು ಬಗ್ಗಿ ಕುಳಿತು ಬೆಸೆದಿದ್ದಾರೆ, ಅದರ ಮೇಲೆ ಯಾರದೋ ಮಕ್ಕಳು ಕಾಲಿಡುತ್ತಾರೆ. ಮೇಲೆ ನಯವಾಗಿರುವುದು ಒಳಗೂ ಹಿಡಿದಿದೆಯೇ ಎಂಬ ಪ್ರಶ್ನೆಯನ್ನು ಮೂವತ್ತು ವರ್ಷಗಳ ನನ್ನ ಪಾಠಗಳಿಗೂ ಕೇಳಿಕೊಂಡಿದ್ದೇನೆ. ಉತ್ತರ ಎಲ್ಲ ಕಡೆಯೂ ಸಮಾಧಾನ ತಂದಿಲ್ಲ.

ಆಚಾರ್ರು ಹೋದ ವರ್ಷ ತೀರಿಕೊಂಡರು. ಕೊಟ್ಟಿಗೆಯ ಕಿಟಕಿಯಲ್ಲಿ ಎರಡು ವಸ್ತುಗಳನ್ನು ಇಟ್ಟುಕೊಂಡಿದ್ದೇನೆ. ಒಂದು, ಆರು ಮುಖದ ಆ ಕಬ್ಬಿಣದ ತುಂಡು. ಇನ್ನೊಂದು, ಎರಡನೆಯ ಪೆಟ್ಟಿಗೆ ಕಳಚಿ ಬಿದ್ದ ಬೆಸುಗೆ. ಕೆಲಸ ಕಲಿಯಲು ಊರಿನ ಹುಡುಗರು ಯಾರಾದರೂ ಬಂದರೆ ಮೊದಲು ಆ ಎರಡನೆಯದನ್ನು ಅವರ ಕೈಗೆ ಕೊಡುತ್ತೇನೆ.